ಮೆತ್ತನೆಯ ಚಪಾತಿಯ ಗುಟ್ಟು

ಕಾವಲಿಯ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಚಪಾತಿಯನ್ನು ಇಕ್ಕಳದಿಂದ ಎತ್ತಿ ಉರಿಯ ಮೇಲೆ ಹಿಡಿದೊಡನೆ ಅದು ಪೂರಿಯಂತೆ ಉಬ್ಬಿ ನಿಲ್ಲುವುದನ್ನು ನೋಡದವರು ನಮ್ಮಲ್ಲಿ ವಿರಳ. ಅದೇ ಹಿಟ್ಟಿನಿಂದ, ಅದೇ ಕೈಯಿಂದ ಆದ ಮತ್ತೊಂದು ಚಪಾತಿ ಉಬ್ಬುವುದಿರಲಿ, ಹಪ್ಪಳದಂತೆ ಸೆಟೆದುಕೊಳ್ಳುವುದೂ ಉಂಟು. ಮೊದಲನೆಯದನ್ನು ಮಧ್ಯಾಹ್ನದ ಹೊತ್ತಿಗೂ ಕರವಸ್ತ್ರದಂತೆ ಮಡಿಸಬಹುದು; ಎರಡನೆಯದನ್ನು ಹತ್ತೇ ನಿಮಿಷಗಳಲ್ಲಿ ಮುರಿಯಬೇಕಾಗುತ್ತದೆ. ಈ ಅಂತರಕ್ಕೆ ಕೈಗುಣವೇ ಕಾರಣವೆಂದು ಹೇಳುವುದು ರೂಢಿ. ಕೈಗುಣವೆಂಬುದು ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಆ ಕೈ ತಿಳಿದೋ ತಿಳಿಯದೆಯೋ ನಡೆಸುತ್ತಿರುವ ವ್ಯವಹಾರವೆಲ್ಲ ನೀರಿನದು: ನೀರನ್ನು ಹಿಟ್ಟಿನೊಳಕ್ಕೆ ಹೊಗಿಸುವುದು, ಒಲೆಯ ಮೇಲೆ ಅದು ಹಾರಿಹೋಗದಂತೆ ಕಾಯುವುದು, ತಣಿದ ಮೇಲೂ ಅದನ್ನು ಅಲ್ಲಿಯೇ ಉಳಿಸಿಕೊಳ್ಳುವುದು. ಈ ಮೂರರಲ್ಲಿ ಎಲ್ಲಿ ತಪ್ಪಿದರೂ ಚಪಾತಿ ಗಟ್ಟಿಯಾಗುತ್ತದೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಗೋಧಿ ಮೊದಲಿನಿಂದಲೂ ನಿತ್ಯದ ಧಾನ್ಯವಾಗಿರಲಿಲ್ಲ. ಅಲ್ಲಿಯ ಊಟ ಅಕ್ಕಿಯದು, ಇಲ್ಲವೆ ರಾಗಿಯದು. ಗೋಧಿ ಒಳಗೆ ಬರುತ್ತಿದ್ದುದು ಹೆಚ್ಚಾಗಿ ಹಬ್ಬದ ಭಕ್ಷ್ಯಕ್ಕೆ, ಅನ್ನ ಉಣ್ಣದ ಒಪ್ಪತ್ತಿನ ರಾತ್ರಿಯ ಫಲಾಹಾರಕ್ಕೆ. ೧೯೫೬ರಲ್ಲಿ ಅಮೆರಿಕದೊಡನೆ ಆದ ‘ಪಿ. ಎಲ್. ೪೮೦’ ಒಪ್ಪಂದದ ಗೋಧಿಯು ೧೯೬೦ರ ದಶಕದ ಅಭಾವದ ವರ್ಷಗಳಲ್ಲಿ ದೇಶದ ಪಡಿತರ ಅಂಗಡಿಗಳಿಗೆ ಹರಿದು ಬಂದಾಗ ಅನ್ನವನ್ನೇ ನಂಬಿದವರೂ ಲಟ್ಟಣಿಗೆ ಹಿಡಿಯಬೇಕಾಯಿತು. ಈಗಲಂತೂ ಬೆಳಗ್ಗೆ ಎಂಟಕ್ಕೆ ಮಕ್ಕಳ ಡಬ್ಬಿಗೆ ಹೋಗುವುದೂ ಚಪಾತಿ, ಸಕ್ಕರೆ ಕಾಯಿಲೆಯವರು ರಾತ್ರಿ ಎಂಟಕ್ಕೆ ತಿನ್ನುವುದೂ ಚಪಾತಿ. ಹಲ್ಲು ಉದುರಿದ ಅಜ್ಜನ ತಟ್ಟೆಗೆ ಗಟ್ಟಿ ಚಪಾತಿ ಬಿದ್ದರೆ ಅದು ಬರಿಯ ರುಚಿಯ ಪ್ರಶ್ನೆಯಲ್ಲ. ಆ ರಾತ್ರಿ ಅವರು ಅರೆಹೊಟ್ಟೆಯಲ್ಲಿ ಮಲಗಬೇಕಾಗುತ್ತದೆ.

ಹೀಗೆ ಅಕ್ಕಿ ರಾಗಿಗಳಲ್ಲಿ ಪಳಗಿದ ಕೈಗಳು ಗೋಧಿಗೆ ಇಳಿದುವು. ತೊಡಕು ಹುಟ್ಟುವುದು ಇಲ್ಲಿಯೇ. ರಾಗಿ ಮುದ್ದೆಯನ್ನೂ ಕುದಿನೀರಿನ ಹಿಟ್ಟಿನಿಂದ ಮಾಡುವ ಅಕ್ಕಿ ರೊಟ್ಟಿಯನ್ನೂ ಗಮನಿಸಿರಿ. ಎರಡರಲ್ಲಿಯೂ ಹಿಟ್ಟನ್ನು ಕುದಿಯುವ ನೀರಿನೊಡನೆ ಕೂಡಿಸುತ್ತಾರೆ. ಧಾನ್ಯದ ಹಿಟ್ಟಿನಲ್ಲಿ ಬಹುಪಾಲು ಇರುವುದು ಪಿಷ್ಟ. ತಣ್ಣೀರಿನಲ್ಲಿ ಪಿಷ್ಟದ ಕಣಗಳು ಮರಳಿನಂತೆ ತಳಕ್ಕೆ ಇಳಿಯುತ್ತವೆ. ಆದರೆ ಉಷ್ಣತೆ ಒಂದು ಮಟ್ಟವನ್ನು ದಾಟಿದೊಡನೆ (ಗೋಧಿಯ ಪಿಷ್ಟಕ್ಕೆ ಸುಮಾರು ೬೦ ಡಿಗ್ರಿ ಸೆಂಟಿಗ್ರೇಡ್, ಅಕ್ಕಿಯದಕ್ಕೆ ಸಾಮಾನ್ಯವಾಗಿ ಇನ್ನೂ ಕೆಲವು ಡಿಗ್ರಿ ಹೆಚ್ಚು) ಕಣಗಳು ನೀರುಂಡು ಊದಿಕೊಂಡು ಗಂಜಿಯಾಗುತ್ತವೆ. ಅಕ್ಕಿ ರೊಟ್ಟಿಯನ್ನು ಬಿರಿಯದಂತೆ ಹಿಡಿದಿಡುವ ಅಂಟು ಈ ಗಂಜಿಯೇ. ಆ ಹಿಟ್ಟುಗಳಲ್ಲಿ ಬೇರೆ ಅಂಟಿಲ್ಲ. ಕುದಿನೀರಿಲ್ಲದೆ ಅವು ಲಟ್ಟಣಿಗೆಗೆ ಸಿಕ್ಕುವುದಿಲ್ಲ.

ಗೋಧಿಯ ಜಾತಿಯೇ ಬೇರೆ. ಇದನ್ನು ಮಾತಿನಿಂದ ಒಪ್ಪಿಸುವುದಕ್ಕಿಂತ ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡುವುದು ಲೇಸು. ನಿಂಬೆಹಣ್ಣಿನ ಗಾತ್ರದ ಚಪಾತಿ ಹಿಟ್ಟಿನ ಉಂಡೆಯನ್ನು ಅರ್ಧ ಗಂಟೆ ನೆನೆಯಲು ಬಿಟ್ಟು, ನೀರು ತುಂಬಿದ ಬೋಗುಣಿಯಲ್ಲಿ ಬೆರಳುಗಳ ನಡುವೆ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ; ಅದು ಕಳಚಿಹೋಗುತ್ತಿರುವ ಪಿಷ್ಟ. ನೀರನ್ನು ಮೂರು ನಾಲ್ಕು ಸಲ ಬದಲಾಯಿಸಿದ ಮೇಲೆ ಕೈಯಲ್ಲಿ ಉಳಿಯುವುದು ಬೂದುಬಣ್ಣದ, ರಬ್ಬರಿನಂತೆ ಎಳೆದರೆ ಹಿಗ್ಗುವ ಒಂದು ಸಣ್ಣ ಮುದ್ದೆ. ಇಟಲಿಯ ಬೊಲೋನ್ಯದ ಬೆಕ್ಕಾರಿ ಎಂಬ ವಿದ್ವಾಂಸನು ೧೭೪೫ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಈ ಮುದ್ದೆಗೆ ಗ್ಲೂಟೆನ್ ಎಂದು ಹೆಸರು. ಗ್ಲೂಟೆನಿನ್, ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು, ಒಂದರೊಡನೊಂದು ಹೆಣೆದುಕೊಂಡು ಆದ ಬಲೆ ಅದು. ಗ್ಲೂಟೆನಿನ್ ಅದಕ್ಕೆ ಬಿಗಿಯನ್ನು ಕೊಟ್ಟರೆ ಗ್ಲಯಾಡಿನ್ ಹಿಗ್ಗನ್ನು ಕೊಡುತ್ತದೆ. ಇನ್ನು ರಾಗಿ ಹಿಟ್ಟಿನ ಉಂಡೆಯನ್ನು ಹೀಗೆಯೇ ತೊಳೆಯಿರಿ. ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆದುದರಿಂದ ಅಕ್ಕಿಯ ಹಿಟ್ಟಿಗೆ ಸಲ್ಲುವ ಕುದಿನೀರು ಗೋಧಿಗೆ ಸಲ್ಲಲೇಬೇಕೆಂಬ ನಿಯಮವಿಲ್ಲ. ಕುದಿಯುವ ನೀರು ಬಿದ್ದ ಕಡೆ ಗೋಧಿಯ ಪ್ರೋಟೀನು ಬೆಂದು ಬಲೆ ಹೆಣೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪಿಷ್ಟವು ಗಂಜಿಯಾಗಿ ಹೆಚ್ಚು ನೀರನ್ನು ಹಿಡಿಯುತ್ತದೆ. ಅಂತಹ ಚಪಾತಿ ಮೆತ್ತಗಿರುತ್ತದೆಂಬುದು ನಿಜ. ಚೀನಾ ದೇಶದವರು ಕೆಲವು ಬಗೆಯ ರೊಟ್ಟಿಗಳಿಗೆ ಗೋಧಿ ಹಿಟ್ಟನ್ನು ಬೇಕೆಂದೇ ಬಿಸಿನೀರಿನಲ್ಲಿ ಕಲಸುತ್ತಾರೆ. ಆದರೆ ಆ ಹಿಟ್ಟು ತೆಳ್ಳಗೆ ಲಟ್ಟಿಸುವಾಗ ಹರಿಯುತ್ತದೆ, ಉರಿಯ ಮೇಲೆ ಚೆನ್ನಾಗಿ ಉಬ್ಬುವುದೂ ಇಲ್ಲ. ‘ಬಿಸಿನೀರಿನಲ್ಲಿ ಕಲಸಿದರೆ ಮೃದು’ ಎಂಬ ಮಾತು ಅಡುಗೆಮನೆಗಳಲ್ಲಿ ಬಹಳ ಓಡಾಡುತ್ತದೆ. ಕೈ ತಡೆಯುವಷ್ಟು ಬೆಚ್ಚಗಿನ ನೀರು ಹಿಟ್ಟಿನೊಳಕ್ಕೆ ಬೇಗ ಇಳಿಯುತ್ತದೆ, ಬಲೆಗೂ ಹಾನಿಯಿಲ್ಲ. ಆ ಮಟ್ಟಿಗೆ ಆ ಮಾತನ್ನು ನಾನು ಒಪ್ಪುತ್ತೇನೆ. ಅದಕ್ಕಿಂತ ಮುಂದೆ ಹೋಗುವುದು ಗೋಧಿಯನ್ನು ಅಕ್ಕಿಯಂತೆ ನಡೆಸಿಕೊಳ್ಳುವುದೇ ಸರಿ.

ಹಾಗಾದರೆ ನೀರೆಷ್ಟು? ನೂರು ಗ್ರಾಂ ಗೋಧಿ ಹಿಟ್ಟಿಗೆ ಸಾಮಾನ್ಯವಾಗಿ ೬೫ರಿಂದ ೭೫ ಗ್ರಾಂ ಎನ್ನಬಹುದು. ಇದೇಕೆ ಹಿಟ್ಟಿನಿಂದ ಹಿಟ್ಟಿಗೆ ಬದಲಾಗುತ್ತದೆಂಬುದನ್ನು ತಿಳಿಯಲು ಗಿರಣಿಯ ಒಳಗೆ ಇಣುಕಬೇಕು. ನಮ್ಮ ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಕಲ್ಲಿನ ಹಿಟ್ಟಿನ ಗಿರಣಿಗಳು ಇನ್ನೂ ಸದ್ದು ಮಾಡುತ್ತಿವೆ. ಡಬ್ಬದಲ್ಲಿ ಗೋಧಿ ಒಯ್ದು ಬೀಸಿಸಿಕೊಂಡು ಬಂದವರಿಗೆ ಆ ಹಿಟ್ಟು ಎಷ್ಟು ಬಿಸಿಯಾಗಿರುತ್ತದೆಂಬುದು ಗೊತ್ತು. ಎರಡು ಕಲ್ಲುಗಳ ನಡುವಿನ ಘರ್ಷಣೆಯಲ್ಲಿ ಕಾಳು ಪುಡಿಯಾಗುವುದಷ್ಟೇ ಅಲ್ಲ, ಪಿಷ್ಟದ ಕಣಗಳಲ್ಲಿ ಒಂದು ಪಾಲು ಬಿರುಕುಬಿಟ್ಟು ಘಾಸಿಗೊಳ್ಳುತ್ತವೆ. ಇಡಿಯ ಕಣಕ್ಕೆ ಹೋಲಿಸಿದರೆ ಘಾಸಿಗೊಂಡ ಕಣ ಹಲವು ಪಟ್ಟು ಹೆಚ್ಚು ನೀರನ್ನು ಹೀರುತ್ತದೆ. ಉರುಳೆಗಳ ನಡುವೆ ಹಾಯ್ದು ಬರುವ ಮೈದಾಹಿಟ್ಟಿನಲ್ಲಿ ಇಂತಹ ಕಣಗಳು ಕಡಿಮೆ. ಆದುದರಿಂದಲೇ ಕಲ್ಲಿನ ಗಿರಣಿಯ ಹಿಟ್ಟು ಹೆಚ್ಚು ನೀರು ಬೇಡುತ್ತದೆ. ಬೇಡಿದಷ್ಟು ಕೊಟ್ಟರೆ ಚಪಾತಿಯನ್ನು ಮೆತ್ತಗೆ ಇಡುತ್ತದೆ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಪಿ. ಹರಿದಾಸ ರಾವ್, ಕೆ. ಲೀಲಾವತಿ, ಎಸ್. ಆರ್. ಶುರ್ಪಾಲೇಕರ್ ಅವರು ೧೯೮೦ರ ದಶಕದಲ್ಲಿ ಘಾಸಿಗೊಂಡ ಪಿಷ್ಟಕ್ಕೂ ಚಪಾತಿಯ ಗುಣಕ್ಕೂ ಇರುವ ನಂಟನ್ನು ಕ್ರಮವಾಗಿ ಪರಿಶೀಲಿಸಿದರು. ಚಪಾತಿಯನ್ನು ಪ್ರಯೋಗಶಾಲೆಯ ವಸ್ತುವನ್ನಾಗಿ ಮಾಡಿ, ಅದರ ಪರೀಕ್ಷೆಗೆ ಒಂದು ಗೊತ್ತಾದ ವಿಧಾನವನ್ನು ರೂಪಿಸಿದ ಕೀರ್ತಿಯೂ ಅವರದು.

ಚಪಾತಿಯ ಗುಣ ಎಷ್ಟು ದೊಡ್ಡ ವಿಷಯವೆಂಬುದಕ್ಕೆ ಇನ್ನೊಂದು ಪ್ರಸಂಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ೧೯೬೬ರಲ್ಲಿ ಭಾರತವು ಮೆಕ್ಸಿಕೋದಿಂದ ೧೮,೦೦೦ ಟನ್ ಗಿಡ್ಡ ತಳಿಯ ಗೋಧಿಬೀಜವನ್ನು ತರಿಸಿಕೊಂಡಿತು. ಇಳುವರಿ ಅಧಿಕ, ಆದರೆ ಕಾಳು ಕೆಂಪು. ಹೊಂಬಣ್ಣದ ಗೋಧಿಯ ಚಪಾತಿಗೆ ಒಗ್ಗಿದ್ದ ಜನಕ್ಕೆ ಅದು ಹಿಡಿಸಲಿಲ್ಲ. ಆಗ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಂ. ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ‘ಸೊನೋರ ೬೪’ ಎಂಬ ಆ ತಳಿಯ ಬೀಜಗಳ ಮೇಲೆ ವಿಕಿರಣಗಳನ್ನು ಹಾಯಿಸಿ, ಹೊಂಬಣ್ಣದ ಕಾಳು ಬಿಡುವ ‘ಶರಬತಿ ಸೊನೋರ’ ತಳಿಯನ್ನು ಪಡೆದರು. ಅದು ೧೯೬೭ರಲ್ಲಿ ಬಿಡುಗಡೆಯಾಯಿತು. ಪರಮಾಣು ವಿಜ್ಞಾನವು ಚಪಾತಿಯ ಬಣ್ಣವನ್ನು ತಿದ್ದಿದ ಕಥೆ ಇದು! ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ನೀರು ಹಾಕಿದ ಮಾತ್ರಕ್ಕೆ ಅದು ಒಳಗೆ ಇಳಿದಂತಾಗಲಿಲ್ಲ. ಗ್ಲೂಟೆನ್ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿಯಬಲ್ಲುದು, ಆದರೆ ಅದಕ್ಕೆ ಕಾಲ ಬೇಕು. ತೌಡಿನ ಚೂರುಗಳು ಇನ್ನೂ ನಿಧಾನಿ. ಒಣಗಿದ ತೌಡಿನ ಚೂಪಾದ ಅಂಚುಗಳು ಬಲೆಯನ್ನು ಅಲ್ಲಲ್ಲಿ ಹರಿಯುತ್ತವೆ; ನೆನೆದು ಮೆತ್ತಗಾದ ಮೇಲೆ ಈ ಉಪದ್ರವ ಕಡಿಮೆಯಾಗುತ್ತದೆ. ಹಿಟ್ಟನ್ನು ಕಲಸಿ, ಐದಾರು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕೆಂಬುದು ಇದಕ್ಕಾಗಿಯೇ. ಬಿಡುವುದರಲ್ಲಿ ಇನ್ನೊಂದು ಲಾಭವಿದೆ. ನಾದುವಾಗ ಬಲೆಯ ಎಳೆಗಳು ಬಿಲ್ಲಿನ ಹೆದೆಯಂತೆ ಬಿಗಿದುಕೊಂಡಿರುತ್ತವೆ. ಆಗಲೇ ಲಟ್ಟಿಸಲು ಹೋದರೆ ಹಿಟ್ಟು ಹಿಂದಕ್ಕೆ ಕುಗ್ಗುತ್ತದೆ. ನಾವು ಬಲ ಹಾಕುತ್ತೇವೆ, ಅಂಟದಿರಲೆಂದು ಒಣಹಿಟ್ಟು ಉದುರಿಸುತ್ತೇವೆ, ಆ ಒಣಹಿಟ್ಟು ಮೇಲ್ಮೈಯ ನೀರನ್ನು ಕುಡಿಯುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಎಳೆಗಳು ಒಂದರ ಮೇಲೊಂದು ಜಾರಿ ಸಡಿಲಗೊಳ್ಳುತ್ತವೆ. ಯುಗಾದಿಗೆ ಒಬ್ಬಟ್ಟು ಮಾಡುವವರು ಕಣಕವನ್ನು ಎಣ್ಣೆಯಲ್ಲಿ ನಾದಿ ಎರಡು ಮೂರು ಗಂಟೆ ನೆನೆಯಲು ಇಡುವುದು ಏಕೆಂಬುದನ್ನು ಇನ್ನು ನೀವೇ ಹೇಳಬಲ್ಲಿರಿ. ಅಷ್ಟು ದಪ್ಪದ ಹೂರಣವನ್ನು ಅಷ್ಟು ತೆಳುವಾದ ಕಣಕ ಹರಿಯದೆ ಸುತ್ತಿಕೊಳ್ಳುವುದು ಈ ಸಡಿಲಿಕೆಯಿಂದಲೇ. ಒಬ್ಬಟ್ಟಿಗೆ ತೋರಿಸುವ ತಾಳ್ಮೆಯನ್ನು ಚಪಾತಿಗೆ ನಾವೇಕೆ ತೋರಿಸುವುದಿಲ್ಲವೋ!

ಫೆಬ್ರವರಿ, ಮಾರ್ಚ್ ತಿಂಗಳುಗಳ ಬೆಂಗಳೂರಿನ ಒಣಹವೆಯಲ್ಲಿ ಮುಚ್ಚದೆ ಬಿಟ್ಟ ಹಿಟ್ಟು ಬೇಗನೆ ತೊಗಲುಗಟ್ಟುತ್ತದೆ. ಬಟ್ಟೆಯನ್ನು ಮರೆಯಬಾರದು.

ಈಗ ಕಾವಲಿಗೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಇಲ್ಲಿ ವಾಯುಭಾರ ಕಡಿಮೆಯಾದುದರಿಂದ ನೀರು ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಚಪಾತಿಯ ಒಳಗೆ ನೀರಿರುವವರೆಗೆ, ಕಾವಲಿ ಎಷ್ಟೇ ಕಾದಿರಲಿ, ಒಳಭಾಗದ ಉಷ್ಣತೆ ಈ ೯೭ನ್ನು ಹೆಚ್ಚಾಗಿ ಮೀರದು. ಹಿಟ್ಟು ಬೇಯಲು ಅಷ್ಟು ಸಾಕು. ಮೇಲ್ಮೈಯಲ್ಲಿ ನೀರು ಆರಿದ ಕಡೆ ಮಾತ್ರ ಉಷ್ಣತೆ ಏರಿ ಕಂದು ಚುಕ್ಕೆಗಳು ಮೂಡುತ್ತವೆ.

ಒಂದು ಲೆಕ್ಕ ಹಾಕೋಣ. ಮೂವತ್ತು ಗ್ರಾಂ ಹಿಟ್ಟು, ಇಪ್ಪತ್ತು ಗ್ರಾಂ ನೀರು ಇರುವ, ಹದಿನಾರು ಸೆಂಟಿಮೀಟರು ಅಗಲದ ಚಪಾತಿ ಒಂದಿದೆಯೆನ್ನಿ. ಅದು ಪೂರ್ತಿ ಉಬ್ಬಿ ನಡುವೆ ಐದು ಸೆಂಟಿಮೀಟರು ಎತ್ತರವಾದರೆ ಒಳಗಿನ ಟೊಳ್ಳು ಸುಮಾರು ಅರ್ಧ ಲೀಟರು. ಬೆಂಗಳೂರಿನ ವಾಯುಭಾರದಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಸುಮಾರು ೧,೮೫೦ ಘನ ಸೆಂಟಿಮೀಟರು ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಆ ಟೊಳ್ಳನ್ನು ತುಂಬಲು ಬೇಕಾದ ನೀರು ೦.೨೭ ಗ್ರಾಂ ಮಾತ್ರ. ಅಂದರೆ ಐದಾರು ಹನಿ! ಚಪಾತಿಯಲ್ಲಿರುವ ನೀರಿನ ಎಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಅದನ್ನು ಎತ್ತಲು ಬೇಕಾದ ಒತ್ತಡವಾದರೂ ಎಷ್ಟು? ಚಪಾತಿಯ ವಿಸ್ತೀರ್ಣ ಸುಮಾರು ೨೦೦ ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ ಒಂದು ಗ್ರಾಂ ತೂಕದಷ್ಟು, ಎಂದರೆ ವಾಯುಭಾರದ ಸಾವಿರದಲ್ಲಿ ಒಂದು ಪಾಲಿನಷ್ಟು ಹೆಚ್ಚಿನ ಒತ್ತಡವಿದ್ದರೆ ೨೦೦ ಗ್ರಾಂ ಭಾರವನ್ನು ಎತ್ತಬಹುದು. ಮೇಲಿನ ಪದರದ ತೂಕ ಇಪ್ಪತ್ತೈದು ಗ್ರಾಮನ್ನು ಮುಟ್ಟುವುದಿಲ್ಲ. ಗುಪ್ತೋಷ್ಣದ ಪಾಠ ಹೇಳುವ ದಿನ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದರೆ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.

ನೀರಿಗೂ ಬಲಕ್ಕೂ ಕೊರತೆಯಿಲ್ಲವೆಂದ ಮೇಲೆ ಚಪಾತಿ ಉಬ್ಬದಿರುವುದೇಕೆ? ಆವಿ ಸೋರುವುದರಿಂದ. ಮೊದಲು ಕಾವಲಿಯ ಮೇಲೆ ಎರಡೂ ಮಗ್ಗುಲುಗಳನ್ನು ಕಾಯಿಸಿದಾಗ ಅಲ್ಲಿಯ ಪಿಷ್ಟ ಗಂಜಿಯಾಗಿ, ಪ್ರೋಟೀನು ಗಟ್ಟಿಗೊಂಡು, ಆವಿ ಸುಲಭವಾಗಿ ನುಸುಳದ ಎರಡು ಪೊರೆಗಳು ಏರ್ಪಡುತ್ತವೆ. ನಡುವಿನ ಪದರ ಇನ್ನೂ ಹಸಿ, ಮೆತ್ತಗೆ, ದುರ್ಬಲ. ಈ ಸ್ಥಿತಿಯಲ್ಲಿ ಒಮ್ಮೆಲೇ ಹೆಚ್ಚು ಶಾಖ ಕೊಟ್ಟರೆ ಆವಿಯು ಹೊರಗೆ ಸೋರುವುದಕ್ಕಿಂತ ವೇಗವಾಗಿ ಒಳಗೆ ಹುಟ್ಟಿ, ಆ ದುರ್ಬಲ ಪದರವನ್ನು ಸೀಳಿ ಎರಡು ಹಾಳೆಗಳನ್ನಾಗಿ ಮಾಡುತ್ತದೆ. ಲಟ್ಟಿಸುವಾಗ ಒಂದೆಡೆ ದಪ್ಪ, ಒಂದೆಡೆ ತೆಳುವಾಗಿದ್ದರೆ ತೆಳುವಾದ ಕಡೆ ಎರಡು ಪೊರೆಗಳೂ ಕೂಡಿಕೊಂಡು ಸೀಳಲು ಹಸಿ ಪದರವೇ ಉಳಿಯುವುದಿಲ್ಲ. ಇಕ್ಕಳದ ತುದಿ ಚುಚ್ಚಿದರೆ ಅಲ್ಲಿಂದಲೇ ಆವಿ ಹಾರಿಹೋಗುತ್ತದೆ. ಬಟ್ಟೆಯ ಉಂಡೆಯಿಂದ ಅಂಚನ್ನು ಮೆಲ್ಲಗೆ ಒತ್ತುವುದು ಮಾತ್ರ ಒಳ್ಳೆಯ ಉಪಾಯ. ಉಬ್ಬಿದ ಕಡೆಯ ಆವಿ ಇನ್ನೂ ಸೀಳದ ಕಡೆಗೆ ನುಗ್ಗುತ್ತದೆ.

ಉಬ್ಬುವುದಕ್ಕೂ ಮೆತ್ತಗಾಗುವುದಕ್ಕೂ ಏನು ಸಂಬಂಧ? ನನ್ನ ಅಭಿಪ್ರಾಯದಲ್ಲಿ ಗೃಹವಿಜ್ಞಾನದ ಪುಸ್ತಕಗಳು ಇದನ್ನು ಸಾಕಷ್ಟು ಒತ್ತಿ ಹೇಳುವುದಿಲ್ಲ. ಉಬ್ಬಿದಾಗ ಒಳಗೆ ತುಂಬಿದ ಆವಿಯು ಎರಡು ಹಾಳೆಗಳನ್ನೂ ಒಳಮಗ್ಗುಲಿನಿಂದ ಏಕಕಾಲದಲ್ಲಿ ಬೇಯಿಸಿಬಿಡುತ್ತದೆ. ಒಂದು ಗ್ರಾಂ ಆವಿ ಮತ್ತೆ ನೀರಾಗುವಾಗ ಸುಮಾರು ೫೪೦ ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆಂಬುದನ್ನು ನೆನೆಯಿರಿ. ಅಡುಗೆ ಕ್ಷಣಗಳಲ್ಲಿ ಮುಗಿಯುತ್ತದೆ, ಚಪಾತಿ ಒಲೆಯಿಂದ ಇಳಿಯುತ್ತದೆ, ನೀರು ಉಳಿಯುತ್ತದೆ. ಸಣ್ಣ ಉರಿಯಲ್ಲಿ ‘ಚೆನ್ನಾಗಿ ಬೇಯಲಿ’ ಎಂದು ಬಿಟ್ಟರೆ ನಡೆಯುವುದು ಇದಕ್ಕೆ ವಿರುದ್ಧ. ಶಾಖ ಮೆಲ್ಲಗೆ ಒಳಗೆ ಹೋಗುತ್ತದೆ, ಆವಿ ಮೆಲ್ಲಗೆ ಹೊರಗೆ ಬರುತ್ತದೆ. ಐದು ಗ್ರಾಂ ನೀರು ಹೀಗೆ ಹೋಯಿತೆಂದರೆ ಉಬ್ಬಲು ಬೇಕಾಗಿದ್ದುದರ ಹದಿನೆಂಟು ಪಟ್ಟು ನೀರು ವ್ಯರ್ಥವಾಗಿ, ಚಪಾತಿ ಕಾಲುಭಾಗ ಬಡವಾಯಿತು. ಮನೆಯಲ್ಲಿ ಸಣ್ಣ ತೂಕಗಳನ್ನು ತೋರಿಸುವ ತಕ್ಕಡಿ ಇದ್ದರೆ ದೊಡ್ಡ ಉರಿಯದೊಂದು, ಸಣ್ಣ ಉರಿಯದೊಂದು ಚಪಾತಿಯನ್ನು ಬೇಯಿಸುವ ಮೊದಲೂ ಅನಂತರವೂ ತೂಗಿ ನೋಡಿರಿ. ಕೈಗುಣದ ಚರ್ಚೆ ಅಲ್ಲಿಗೆ ಅಂಕಿಗಳಿಗೆ ಇಳಿಯುತ್ತದೆ.

ಕಾವಲಿ ಕಾದಿದೆಯೆಂದು ಅರಿಯುವ ಬಗೆ ಹಳೆಯದು: ಒಂದು ಹನಿ ನೀರು. ಬಿದ್ದಲ್ಲಿಯೇ ಸುಯ್ಯೆಂದು ಕುದಿದು ಆರಿದರೆ ಇನ್ನೂ ಕಾಯಬೇಕು. ಮುತ್ತಿನಂತೆ ಗುಂಡಗಾಗಿ ಓಡಾಡಿದರೆ ಉಷ್ಣತೆ ೨೦೦ ಡಿಗ್ರಿಯ ಆಸುಪಾಸಿಗೆ ಬಂದಿದೆ. ಹನಿಯ ಕೆಳಗೆ ಆವಿಯ ತೆಳುಹಾಸು ಹುಟ್ಟಿ ಅದನ್ನು ಲೋಹಕ್ಕೆ ತಾಗದಂತೆ ಎತ್ತಿಹಿಡಿಯುತ್ತದೆ. ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯನು ೧೭೫೬ರಲ್ಲಿ ಇದನ್ನು ವಿವರಿಸಿದನು.

ಉಬ್ಬುವುದು ಗ್ಲೂಟೆನ್ ಒಂದರದೇ ಮಹಿಮೆಯೆಂದು ಯಾರೂ ಭಾವಿಸಬಾರದು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯಲ್ಲಿ ಗ್ಲೂಟೆನ್ ಇಲ್ಲ. ಆದರೂ ಬಿಸಿನೀರಿನಲ್ಲಿ ನಾದಿ, ಕೈಯಿಂದ ಬಡಿದು, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆ ಸವರಿ ಸುಟ್ಟ ರೊಟ್ಟಿ ಸೊಗಸಾಗಿ ಉಬ್ಬುತ್ತದೆ. ಆವಿಯನ್ನು ತಡೆಯುವ ಪೊರೆಯನ್ನು ಅಲ್ಲಿ ಗಂಜಿಯೇ ಒದಗಿಸುತ್ತದೆ. ಅದೇ ರೊಟ್ಟಿಯನ್ನು ಪೂರ್ತಿ ಒಣಗಿಸಿ ಕಟಕು ಮಾಡಿ ವಾರಗಟ್ಟಲೆ ಇಟ್ಟುಕೊಳ್ಳುವವರೂ ಅವರೇ. ನೀರನ್ನು ಕಳೆಯುವುದು ಅಲ್ಲಿ ದೋಷವಲ್ಲ, ಉದ್ದೇಶ.

ಎಣ್ಣೆಯ ವಿಷಯವನ್ನು ಒಂದೆರಡು ಮಾತಿನಲ್ಲಿ ಮುಗಿಸಬಹುದು. ನಮ್ಮ ಮನೆಗಳಲ್ಲಿ ಲಟ್ಟಿಸಿದ ಹಿಟ್ಟಿಗೆ ಎಣ್ಣೆ ಸವರಿ, ತ್ರಿಕೋನವಾಗಿ ಮಡಿಸಿ ಮತ್ತೆ ಲಟ್ಟಿಸುವುದುಂಟು. ಎಣ್ಣೆಯ ಪೊರೆ ಪದರಗಳನ್ನು ಬೇರೆ ಬೇರೆಯಾಗಿ ಇರಿಸುತ್ತದೆ, ನೀರು ಆರುವುದನ್ನು ತಡಮಾಡುತ್ತದೆ. ಆದರೆ ಒಣಗಿದ ಚಪಾತಿಗೆ ಎಣ್ಣೆ ನೀರನ್ನು ತಂದುಕೊಡಲಾರದು. ಕಲಸುವಾಗ ಕಡಿಮೆ ಬಿದ್ದ ನೀರನ್ನು ತುಪ್ಪದಿಂದ ಸರಿಪಡಿಸಹೊರಡುವುದು ದುಬಾರಿಯೂ ಹೌದು, ವ್ಯರ್ಥವೂ ಹೌದು.

ಇನ್ನು ಡಬ್ಬಿಯೊಳಗಿನ ಅವಸ್ಥೆ. ಬಿಸಿ ಚಪಾತಿಗಳನ್ನು ಬರಿಯ ಲೋಹದ ಡಬ್ಬಿಯಲ್ಲಿ ಮುಚ್ಚಿದರೆ ಆವಿ ಮುಚ್ಚಳದ ಮೇಲೆ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ, ಮೇಲಿನದು ಒದ್ದೆಯಾಗುತ್ತದೆ. ತೆರೆದಿಟ್ಟರೆ ಎಲ್ಲವೂ ಒಣಗುತ್ತವೆ. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ಪೇರಿಸಿ, ಅನಂತರ ಮುಚ್ಚಿದರೆ ಬಟ್ಟೆ ಹನಿಯನ್ನು ಹೀರಿ ತೇವವನ್ನು ಒಳಗೇ ಇರಿಸುತ್ತದೆ. ಇಷ್ಟಾದರೂ ಮಧ್ಯಾಹ್ನದ ಹೊತ್ತಿಗೆ ಚಪಾತಿ ಸ್ವಲ್ಪ ಬಿಗಿಯುತ್ತದೆ. ನೀರು ಎಲ್ಲಿಗೂ ಹೋಗದಿದ್ದರೂ ಬಿಗಿಯುತ್ತದೆಂಬುದು ವಿಚಿತ್ರ. ಫ್ರಾನ್ಸಿನ ರಸಾಯನ ವಿಜ್ಞಾನಿ ಬುಸಿಂಗೊ ೧೮೫೨ರಲ್ಲಿ ಬ್ರೆಡ್ಡನ್ನು ಗಾಳಿಯಾಡದಂತೆ ಮುಚ್ಚಿಟ್ಟು ಇದನ್ನು ತೋರಿಸಿದನು. ತೇವ ಹೋಗದಿದ್ದರೂ ಬ್ರೆಡ್ಡು ಹಳಸಿ ಗಟ್ಟಿಯಾಯಿತು. ೬೦ ಡಿಗ್ರಿಗೆ ಕಾಯಿಸಿದಾಗ ಮತ್ತೆ ಮೆತ್ತಗಾಯಿತು. ಇದರ ಕಾರಣ ಪಿಷ್ಟದಲ್ಲಿದೆ. ಪಿಷ್ಟದಲ್ಲಿ ನೇರ ಸರಪಣಿಯಂತಹ ಅಮೈಲೋಸು, ಕವಲೊಡೆದ ಅಮೈಲೊಪೆಕ್ಟಿನು ಎಂಬ ಎರಡು ಬಗೆಯ ಅಣುಗಳಿವೆ. ಬೆಂದಾಗ ಚೆದರಿದ ಈ ಅಣುಗಳು ತಣಿಯುತ್ತ ಮತ್ತೆ ಸಾಲುಗೂಡಿ ಸ್ಫಟಿಕದ ರೂಪವನ್ನು ತಾಳುತ್ತವೆ. ಅಮೈಲೋಸು ಕೆಲವು ಗಂಟೆಗಳಲ್ಲಿ, ಅಮೈಲೊಪೆಕ್ಟಿನು ದಿನಗಳ ಮೇಲೆ. ೧೯೨೦ರ ದಶಕದಲ್ಲಿ ಹಾಲೆಂಡಿನ ಕಾಟ್ಸ್ ಎಂಬಾತನು ಕ್ಷ-ಕಿರಣಗಳ ನೆರವಿನಿಂದ ಹಳಸಿದ ಬ್ರೆಡ್ಡಿನ ಪಿಷ್ಟದಲ್ಲಿ ಈ ಸ್ಫಟಿಕಗಳ ಗುರುತನ್ನು ಕಂಡನು.

ಈ ಸಾಲುಗೂಡುವಿಕೆ ಅತ್ಯಂತ ವೇಗವಾಗಿ ನಡೆಯುವುದು ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ತುಸು ಮೇಲೆ, ಅಂದರೆ ಸರಿಯಾಗಿ ನಮ್ಮ ಶೀತಕಪೆಟ್ಟಿಗೆಯ ಒಳಗೆ! ರಾತ್ರಿ ಉಳಿದ ಚಪಾತಿಗಳನ್ನು ಅಲ್ಲಿಡುವವರು ಬೂಷ್ಟಿನಿಂದ ಅವನ್ನು ಉಳಿಸುತ್ತಾರೆ, ಗಟ್ಟಿತನಕ್ಕೆ ಒಪ್ಪಿಸುತ್ತಾರೆ. ಹೆಪ್ಪುಗಟ್ಟುವ ಖಾನೆಯಲ್ಲಿಟ್ಟರೆ ಅಣುಗಳ ಚಲನೆ ನಿಂತು ಈ ಕೇಡು ಬಹುಮಟ್ಟಿಗೆ ತಪ್ಪುತ್ತದೆ. ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿಯನ್ನು ರೂಪಿಸಿದ ಮೈಸೂರಿನ ರಕ್ಷಣಾ ಆಹಾರ ಸಂ‍ಶೋಧನಾಲಯದವರು (ಸ್ಥಾಪನೆ ೧೯೬೧) ಬೂಷ್ಟು, ಗಟ್ಟಿತನ ಎರಡನ್ನೂ ಎದುರಿಸಬೇಕಾಗಿತ್ತು.

ಹಿಂದಿನ ರಾತ್ರಿಯ ಚಪಾತಿ ಬಿಗಿದುಕೊಂಡಿದ್ದರೆ ಅದಕ್ಕೆ ಎರಡೂ ಕಡೆ ನಾಲ್ಕಾರು ಹನಿ ನೀರು ಚಿಮುಕಿಸಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಹಾಕಿ, ಬಟ್ಟಲೊಂದನ್ನು ಕವುಚಿ ಅರ್ಧ ನಿಮಿಷ ಬಿಡಿರಿ. ಬಟ್ಟಲಿನೊಳಗಿನ ಆವಿ ಅದನ್ನು ೬೦ ಡಿಗ್ರಿಯ ಆಚೆಗೆ ಒಯ್ಯುತ್ತದೆ. ಅಮೈಲೊಪೆಕ್ಟಿನಿನ ಸಾಲುಗಳು ಮತ್ತೆ ಕರಗುತ್ತವೆ. ಹಾಗೆ ಮೆತ್ತಗಾದುದನ್ನು ಬಿಸಿಯಿರುವಾಗಲೇ ತಿನ್ನಬೇಕು. ಎರಡನೆಯ ಸಲ ತಣಿದರೆ ಅದು ಮೊದಲಿಗಿಂತಲೂ ಬೇಗ ಬಿಗಿಯುತ್ತದೆ, ಏಕೆಂದರೆ ಕಾಯಿಸಿದಾಗ ಇನ್ನಷ್ಟು ನೀರು ಹೋಗಿರುತ್ತದೆ.